ಪುಟ್ಟ ಚೌಕದಾಚೆ ನೀನು

“ನಮ್ಮಪ್ಪನ್ನ ಕತ್ತರಿಸಿ ಹಾಕಿದ್ದು ನೀವೇನಾ?”

ಗ್ರಂಥಾಲಯದಲ್ಲಿ ಅಷ್ಟು ಜೋರಾಗಿ ಯಾರೂ ಮಾತನಾಡುವುದಿಲ್ಲ. ಓದುತ್ತಿದ್ದವರೆಲ್ಲ ತಟ್ಟನೆ ತಲೆಯೆತ್ತಿದರು. ಪತ್ರಿಕೆ ಹಿಡಿದು ತೂಕಡಿಸುತ್ತಿದ್ದ ಹಿರಿಯರೊಬ್ಬರು ಬೆಚ್ಚಿಬಿದ್ದು ಕನ್ನಡಕ ಬೀಳಿಸಿಕೊಂಡರು.

ಮೂಲೆಯ ಗಾಜಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದವಳ ಬೆರಳುಗಳು ಕೀಲಿಮಣೆಯ ಮೇಲೇ ನಿಂತುಹೋದವು. ಬಾಗಿಲಲ್ಲಿ ನಿಂತವನು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು, ಕಂಕುಳಲ್ಲಿ ಲ್ಯಾಪ್‌ಟಾಪ್ ಇರುಕಿಕೊಂಡು ಏದುಸಿರು ಬಿಡುತ್ತಿದ್ದ. ಕೆದರಿದ ಕೂದಲು, ಕೆಂಪಗಾದ ಮುಖ...

‘ಯಾರಪ್ಪಾ ಇವನು? ನಾನು ಯಾರನ್ನ ಯಾವಾಗ ಕತ್ತರಿಸಿದೆ?’

“ಸ್ವಲ್ಪ ಮೆಲ್ಲಗೆ ಮಾತಾಡಿ...” ಎಂದಳು. ಅವಳ ದನಿ ಹುಟ್ಟಾ ಮೆಲ್ಲನೆಯದು. ಮನೆಯಲ್ಲಿ ಅತ್ತಿಗೆ ಅವಳನ್ನು ಕರೆಯುವುದೇ ಮೌನಗೌರಿ ಎಂದು.

“ಸರಿ, ಮೆಲ್ಲಗೇ ಕೇಳ್ತೀನಿ. ಈ ಫೋಟೋ ಗ್ಯಾಲರಿ ಮಾಡೋ ಟೂಲ್ ಬರೆದಿದ್ದು ನೀವೇನಾ?”

ಹೌದು, ಅವಳೇ. ಗ್ರಂಥಾಲಯದ ಹಳೆಯ ಫೋಟೋಗಳನ್ನೆಲ್ಲ ವೆಬ್‌ಸೈಟಿಗೆ ಹಾಕಬೇಕಾಗಿ ಬಂದಾಗ ಬರೆದದ್ದು. ಅದರಲ್ಲಿ ಒತ್ತಲು ಬಟನ್ನುಗಳಿಲ್ಲ, ನೋಡಲು ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಟೈಪ್ ಮಾಡಿ, ಫೋಟೋಗಳಿರುವ ಫೋಲ್ಡರನ್ನು ತೋರಿಸಿದರೆ ಸಾಕು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗ್ಯಾಲರಿಯ ಪುಟಗಳನ್ನೆಲ್ಲ ಸಿದ್ಧಮಾಡಿ ಇಡುತ್ತದೆ. ಪುಟದ ತುಂಬ ಪುಟ್ಟ ಪುಟ್ಟ ಚೌಕ ಚಿತ್ರಗಳು. ಯಾವುದನ್ನು ಒತ್ತಿದರೂ ಪೂರ್ತಿ ಫೋಟೋ ತೆರೆದುಕೊಳ್ಳುತ್ತದೆ. ಬೇಕಾದವರು ಬಳಸಿಕೊಳ್ಳಲಿ ಎಂದು ಅದನ್ನು ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟಿದ್ದಳು. ಕೆಳಗೆ ಗ್ರಂಥಾಲಯದ ವಿಳಾಸ ಕೊಟ್ಟು, ತೊಂದರೆಯಾದರೆ ಬರೆಯಿರಿ ಎಂದಿದ್ದಳು.

“ಬರೆಯಿರಿ ಅಂತ ಹಾಕಿದ್ದೆ. ಬನ್ನಿ ಅಂತ ಹಾಕಿರಲಿಲ್ಲ.”

“ಕೂತು ಬರೆಯೋ ತಾಳ್ಮೆ ಇದ್ದಿದ್ರೆ ನಾನ್ಯಾಕೆ ಫೋಟೋಗ್ರಾಫರ್ ಆಗ್ತಿದ್ದೆ?” ಎನ್ನುತ್ತಾ ಅವನು ಕೇಳದೆಯೇ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆದ. “ನೋಡಿ! ನಮ್ಮಪ್ಪನ ಹುಟ್ಟುಹಬ್ಬ. ಇದರಲ್ಲಿ ನಮ್ಮಪ್ಪ ಎಲ್ಲಿದ್ದಾರೆ, ತೋರಿಸಿ!”

ಅವಳು ಬಗ್ಗಿ ನೋಡಿದಳು. ಒಂದು ಚೌಕದಲ್ಲಿ ನೆಂಟರ ನಗು, ಇನ್ನೊಂದರಲ್ಲಿ ಕೇಕು, ಮತ್ತೊಂದರಲ್ಲಿ ಅರ್ಧ ಕಿವಿ, ಅದರಾಚೆ ಒಂದು ಮೊಣಕೈ...

“ಆ ಮೊಣಕೈ ನಮ್ಮಪ್ಪ,” ಎಂದ ಅವನು ಗಂಭೀರವಾಗಿ.

ಅವಳಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ಹಿಡಿದಳು.

“ನನ್ನ ಟೂಲ್ ಪ್ರತಿ ಫೋಟೋದ ಮಧ್ಯಭಾಗ ತಗೊಂಡು ಚೌಕ ಮಾಡುತ್ತೆ. ನಿಮ್ಮ ತಂದೆ ಎಲ್ಲಾದ್ರಲ್ಲೂ ತುದಿಗೆ ಹೋಗಿ ನಿಂತಿದ್ದಾರೆ.”

“ನಿಲ್ತಾರೆ! ಜೀವಮಾನವೆಲ್ಲ ಸ್ಟುಡಿಯೋ ನಡೆಸಿದವರು. ಯಾರಾದ್ರೂ ಫೋಟೋಕ್ಕೆ ನಿಲ್ಲಿಸಿದ್ರೆ ಇವತ್ತಿಗೂ ತುದಿಗೇ ಹೋಗ್ತಾರೆ, ಓಡಿ ಹೋಗಿ ಕ್ಯಾಮೆರಾ ನೋಡ್ಕೋಬೇಕಲ್ಲ ಅನ್ನೋ ಅಭ್ಯಾಸ. ನಿನ್ನೆ ಗ್ಯಾಲರಿ ನೋಡಿ ಏನಂದ್ರು ಗೊತ್ತಾ? ‘ನನ್ನ ಹುಟ್ಟುಹಬ್ಬಕ್ಕೆ ನನ್ನನ್ನೇ ಕರೆದಿಲ್ಲವಲ್ಲೋ!’”

“ಒತ್ತಿ ನೋಡಿದ್ರೆ ಪೂರ್ತಿ ಫೋಟೋ ಬರುತ್ತಲ್ಲ. ಬೇಜಾರು ಮಾಡ್ಕೊಳ್ಳೋಕೆ ಮುಂಚೆ ಒಂದ್ಸಲ ಒತ್ತಬೇಕಿತ್ತು.”

“ಬೇಜಾರಾದವರು ಒತ್ತಲ್ಲ ರೀ. ಮುಚ್ಚಿಟ್ಟು ಎದ್ದು ಹೋಗ್ತಾರೆ.”

ಮೊದಲ ಬಾರಿಗೆ ಅವನ ಮುಖವನ್ನು ಸರಿಯಾಗಿ ನೋಡಿದಳು. ಕೋಪವೆಲ್ಲ ಇಳಿದುಹೋಗಿತ್ತು. ಅಪ್ಪನ ಮುಖ ಚಿಕ್ಕದಾದದ್ದನ್ನು ಕಂಡು ಸಂಕಟಪಟ್ಟ ಒಬ್ಬ ಮಗ ಮಾತ್ರ ಅಲ್ಲಿ ಕೂತಿದ್ದ.

“ಸರಿಮಾಡ್ತೀನಿ,” ಎಂದಳು. “ಸ್ವಲ್ಪ ಸಮಯ ಕೊಡಿ.”

*

ಸರಿಮಾಡುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಕತ್ತರಿಸದೆ ಇಟ್ಟರೆ ಅಗಲದ ಫೋಟೋ, ಉದ್ದದ ಫೋಟೋ ಎಲ್ಲ ಸೇರಿ ಪುಟ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ಎಲ್ಲವನ್ನೂ ಒಂದೇ ಎತ್ತರಕ್ಕೆ ಕುಗ್ಗಿಸಿ, ಸಾಲು ಸಾಲಾಗಿ ಸಂದಿಯಿಲ್ಲದೆ ಕೂರಿಸಬೇಕು. ಅದಕ್ಕೆ ಬಗೆಬಗೆಯ ಫೋಟೋಗಳು ಬೇಕು, ನೋಡಿ ಹೇಳುವ ಕಣ್ಣು ಬೇಕು.

ಎರಡೂ ಅವನ ಹತ್ತಿರವಿದ್ದವು. ಹಾಗಾಗಿ ಅವನು ಬರತೊಡಗಿದ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಆ ದಾರಿಯಲ್ಲಿ ಹೋಗುತ್ತಿದ್ದೆ ಎನ್ನುವ ನೆಪದಲ್ಲಿ. ಗ್ರಂಥಾಲಯದ ಮುಂದಿನ ದಾರಿ ಎಲ್ಲಿಗೂ ಹೋಗದೆ ಗೋಡೆಗೆ ಬಡಿದು ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಈ ಕಪ್ಪು ಪರದೆ ಕಂಡರೆ ನನಗೆ ಭಯ ಕಣ್ರೀ,” ಎನ್ನುತ್ತಿದ್ದ. “ಆ ಗೆರೆ ನೋಡಿ, ಕಣ್ಣು ಮಿಟುಕಿಸಿ ಮಿಟುಕಿಸಿ ನನ್ನನ್ನೇ ಕಾಯ್ತಿದೆ.”

“ಅದು ನೀವು ಏನಾದ್ರೂ ಹೇಳ್ತೀರೇನೋ ಅಂತ ಕಾಯುತ್ತೆ. ಹೇಳಿದಷ್ಟು ಮಾಡುತ್ತೆ. ಹೇಳದೇ ಇದ್ದಿದ್ದನ್ನ ಊಹಿಸಲ್ಲ.”

“ಮನುಷ್ಯರು ಊಹಿಸ್ತಾರೆ ಅಲ್ವಾ?” ಎಂದು ಅವನು ಸುಮ್ಮನೆ ಅವಳನ್ನೇ ನೋಡಿದ. ಅವಳ ಕಿವಿ ಬಿಸಿಯಾಯಿತು. ಬೇಕಾಗಿಲ್ಲದ ಯಾವುದೋ ಸಾಲನ್ನು ಅಳಿಸಿ ಮತ್ತೆ ಅದನ್ನೇ ಟೈಪ್ ಮಾಡಿದಳು.

ಅವನಿಂದ ಅವಳು ಫೋಟೋ ನೋಡುವುದನ್ನು ಕಲಿತಳು. ಅಲ್ಲಿಯವರೆಗೆ ಅವಳ ಪಾಲಿಗೆ ಫೋಟೋ ಎಂದರೆ ಒಂದು ಅಗಲ, ಒಂದು ಎತ್ತರ, ಅಷ್ಟೆ. “ಮಧ್ಯದಲ್ಲಿರೋರನ್ನ ಎಲ್ಲರೂ ನೋಡ್ತಾರೆ. ಅಂಚಿಗೆ ನೋಡಿ,” ಎಂದು ಅವನು ತೋರಿಸುತ್ತಿದ್ದ. ಅಂಚಿನಲ್ಲಿ ಯಾರೋ ಆಕಳಿಸುತ್ತಿದ್ದರು, ಯಾರೋ ಯಾರನ್ನೋ ಕದ್ದು ನೋಡುತ್ತಿದ್ದರು, ಒಂದು ಮಗು ತನಗಿಂತ ದೊಡ್ಡ ಚಪ್ಪಲಿ ಹಾಕಿಕೊಂಡು ನಡೆಯುತ್ತಿತ್ತು. ಹೀಗೆ ಸುತ್ತಲಿನದನ್ನೆಲ್ಲ ನೋಡುವವನು ತನ್ನಲ್ಲಿ ಏನೇನು ನೋಡಿರಬಹುದು ಎಂದು ನೆನೆದಾಗಲೆಲ್ಲ ಅವಳ ಎದೆ ಡವಗುಟ್ಟುತ್ತಿತ್ತು.

ಕೊನೆಗೊಂದು ದಿನ ಕೆಲಸ ಮುಗಿಯಿತು. ಕಮಾಂಡಿನ ಕೊನೆಗೆ ಒಂದು ಪದ ಸೇರಿಸಿದರೆ ಟೂಲ್ ಯಾರನ್ನೂ ಕತ್ತರಿಸದೆ ಎಲ್ಲರನ್ನೂ ಪೂರ್ತಿ ತೋರಿಸುತ್ತದೆ. ಸೇರಿಸದಿದ್ದರೆ ಹಳೆಯ ಹಾಗೆ ಚೌಕ.

“ಆ ಪದಕ್ಕೆ ಏನು ಹೆಸರಿಡೋಣ?” ಕೇಳಿದಳು.

“ಅಪ್ಪ.”

“ಏನು?!”

“ಅಪ್ಪ ಅಂತಲೇ ಇಡಿ. ಯಾರು ಬಳಸಿದ್ರೂ ನಮ್ಮಪ್ಪನ ಹೆಸರು ಹೇಳಿಯೇ ಬಳಸಬೇಕು!”

ಅವಳು ನಗುತ್ತಲೇ ಹಾಗೇ ಇಟ್ಟಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ಜೋರಾಗಿ ತಾನು ನಕ್ಕದ್ದು ಕೇಳಿ ಓದುತ್ತಿದ್ದವರೆಲ್ಲ ತಿರುಗಿ ನೋಡಿದಾಗ ಅವಳಿಗೇ ಆಶ್ಚರ್ಯವಾಯಿತು.

ಹೊರಡುವಾಗ ಅವನು ಬಾಗಿಲ ಬಳಿ ತಡೆದು ನಿಂತ. “ಮುಂದಿನ ವಾರ ಬರೋಕಾಗಲ್ಲ. ಮದುವೆ ಇದೆ.”

“ನಿಮಗೆ ಯಾವತ್ತು ತಾನೇ ಮದುವೆ ಇರಲ್ಲ?”

“ಇದು ಕೆಲಸದ್ದಲ್ಲ, ಮನೆಯದು. ಮುಗಿಸ್ಕೊಂಡು ಬಂದು... ನಿಮ್ಮ ಹತ್ರ ಒಂದು ಮಾತು ಹೇಳೋದಿದೆ.”

“ಈಗಲೇ ಹೇಳಿ.”

“ಉಹುಂ. ಧೈರ್ಯ ಸಾಲ್ತಿಲ್ಲ!” ಎಂದು ನಕ್ಕು ಓಡಿಯೇ ಹೋದ.

ಆ ವಾರವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಹಾಕಿದಳು. ಅತ್ತಿಗೆ ಊಟ ಮಾಡುತ್ತಾ, “ನಮ್ಮ ಮೌನಗೌರಿ ಮನಸ್ಸು ಯಾರೋ ಕದ್ದ ಹಾಗಿದೆ. ಉಪ್ಪಾದ್ರೂ ಬಿಟ್ಟು ಹೋಗಿದ್ದಾರಲ್ಲ, ಪುಣ್ಯ!” ಎಂದು ಕಾಡಿಸಿದಳು.

*

ಸಂದೇಶ ಬಂದದ್ದು ವಾರದ ಕೊನೆಗೆ, ಗ್ರಂಥಾಲಯದಲ್ಲಿ.

“ಮೊದಲ ಸಲ ನಾನೊಬ್ಬನೇ ಕಮಾಂಡ್ ಕೊಟ್ಟು ಮಾಡಿದ ಗ್ಯಾಲರಿ! ನೋಡಿ ಹೇಳಿ!”

ಅವಳು ಆತುರಾತುರವಾಗಿ ತೆರೆದಳು. ಮೇಲೆ ದೊಡ್ಡದಾಗಿ ‘ಮದುವೆ’ ಎಂಬ ಶೀರ್ಷಿಕೆ. ಕೆಳಗೆ ಸಾಲು ಸಾಲು ಚಿತ್ರಗಳು.

ಮೊದಲನೆಯದರಲ್ಲಿ ಮದುಮಗಳು. ಅವಳ ಪಕ್ಕದಲ್ಲಿ, ಹೊಸ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು... ಅವನು! ಮದುಮಗಳು ಅವನ ತೋಳು ಹಿಡಿದು ನಗುತ್ತಿದ್ದಾಳೆ.

ಎರಡನೆಯದರಲ್ಲಿ ಅವನು ಅವಳ ಕಣ್ಣೀರು ಒರೆಸುತ್ತಿದ್ದಾನೆ.

ಮೂರನೆಯದರಲ್ಲಿ ಅವಳು ಅವನ ಕೆನ್ನೆ ತಟ್ಟುತ್ತಿದ್ದಾಳೆ.

ನೋಡುತ್ತಿದ್ದವಳ ಎದೆ ಧಸಕ್ಕೆಂದಿತು. ‘ಮನೆಯ ಮದುವೆ... ಅಂದರೆ ಅವನದೇ ಮದುವೆ! ಹೇಳೋದಿದೆ ಅಂದದ್ದು ಇದನ್ನೇ! ಧೈರ್ಯ ಸಾಲದೆ ಫೋಟೋ ಕಳಿಸಿದ್ದಾನೆ...’

ಬೇರೆ ಯಾವ ದಿನವಾದರೂ ಆ ಪುಟ ಕಂಡೊಡನೆ ಅವಳು ಹೇಳಿಬಿಡುತ್ತಿದ್ದಳು, ಇವು ಚೌಕಗಳು, ಇವನು ಕಮಾಂಡಿನ ಕೊನೆಗೆ ಅಪ್ಪ ಎಂದು ಸೇರಿಸುವುದನ್ನು ಮರೆತಿದ್ದಾನೆ ಎಂದು. ಆದರೆ ನೀರು ತುಂಬಿದ ಕಣ್ಣಿಗೆ ಚೌಕವೇನು, ಅಂಚೇನು? ತಾನೇ ಬರೆದ ಟೂಲ್ ತನ್ನನ್ನೇ ಏಮಾರಿಸಿದ್ದು ಆ ಹುಚ್ಚು ಹುಡುಗಿಗೆ ತಿಳಿಯಲಿಲ್ಲ. ಒಂದು ಚಿತ್ರವನ್ನೂ ಒತ್ತಲಿಲ್ಲ. ಪುಟ ಮುಚ್ಚಿಬಿಟ್ಟಳು.

ಮರುದಿನ ಅವನೇ ಬಂದ. ಮುಖದ ತುಂಬ ನಗು.

“ಫೋಟೋ ನೋಡಿದ್ರಾ?”

“ನೋಡಿದೆ.” ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. “ಟೂಲ್ ಚೆನ್ನಾಗಿ ಕೆಲಸ ಮಾಡಿದೆ. ಇನ್ನು ನಿಮಗೆ ನನ್ನ ಸಹಾಯ ಬೇಕಿಲ್ಲ. ನೀವು ಬರೋ ಅಗತ್ಯನೂ ಇಲ್ಲ.”

ಅವನ ನಗು ಹಾಗೇ ಮಾಸಿತು. “ನಾನು ಸಹಾಯಕ್ಕೆ ಮಾತ್ರ ಬರ್ತಿದ್ದೆ ಅಂದ್ಕೊಂಡ್ರಾ?”

“ಮತ್ತೆ ಇನ್ನೇನಕ್ಕೆ?”

ಎಷ್ಟು ತಣ್ಣಗೆ ಕೇಳಿದಳು! ಒಳಗೆ ಮಾತ್ರ, ‘ಹೋಗಿಬಿಡು... ದಯವಿಟ್ಟು ಹೋಗಿಬಿಡು, ನಿನ್ನೆದುರು ಅಳೋಕೆ ನನಗಿಷ್ಟವಿಲ್ಲ’ ಎಂದು ಅವಳ ಜೀವ ಕೂಗುತ್ತಿತ್ತು.

ಅವನು ಹೇಳಬೇಕೆಂದು ಬಂದ ಮಾತನ್ನು ಬಿಟ್ಟು ಬಾಗಿಲ ಕಡೆ ತಿರುಗಿದ.

“ಸರಿ ಬಿಡಿ. ತೊಂದರೆ ಕೊಟ್ಟೆ.”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅವನು ಅಷ್ಟು ಮೆಲ್ಲಗೆ ನಡೆದದ್ದು ಅದೇ ಮೊದಲು.

*

ಆಮೇಲೆ ಅವನು ಬರಲಿಲ್ಲ. ಬರೆಯಲೂ ಇಲ್ಲ.

ಇವಳು ಕೆಲಸ ಮಾಡಿದಳು, ಊಟ ಮಾಡಿದಳು, ಕೇಳಿದ್ದಕ್ಕೆ ಹೂಂ ಉಹುಂ ಎಂದಳು. ಅಣ್ಣ ಏನೂ ಗಮನಿಸಲಿಲ್ಲ, ಅಣ್ಣಂದಿರು ಗಮನಿಸುವುದೂ ಇಲ್ಲ. ಅತ್ತಿಗೆ ಗಮನಿಸಿದಳು. ಒಂದು ರಜಾದಿನ ಬೆಳಿಗ್ಗೆ ಚಹಾ ಹಿಡಿದುಕೊಂಡು ಬಂದಾಗ ನಾದಿನಿ ಕಂಪ್ಯೂಟರಿನಲ್ಲಿ ಯಾವುದೋ ಚಿತ್ರ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಯಾರೇ ಇದು? ಇವನೇನಾ ನಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿಸಿದವನು?”

ಅಷ್ಟಕ್ಕೇ ಕಟ್ಟೆಯೊಡೆಯಿತು. ಅತ್ತಿಗೆಯ ಸೆರಗಿನಲ್ಲಿ ಮುಖ ಹುದುಗಿಸಿ ಎಲ್ಲವನ್ನೂ ಹೇಳಿ ಅತ್ತಳು.

“ಮದುವೆ ಆಗಿಬಿಟ್ಟ ಅತ್ತಿಗೆ... ನೋಡಿ, ಪಕ್ಕದಲ್ಲೇ ನಿಂತಿದ್ದಾನೆ...”

ಅತ್ತಿಗೆ ಒಂದು ಕೈಯಲ್ಲಿ ಅವಳ ತಲೆ ನೇವರಿಸುತ್ತಾ ಪರದೆಗೆ ಮುಖ ತಂದಳು. “ಪಾಪ, ಮದುಮಗಳು ಲಕ್ಷಣವಾಗಿದ್ದಾಳೆ. ಆದ್ರೆ ಅವಳ ಇನ್ನೊಂದು ಕೈ ಎಲ್ಲೇ? ಅವಳೇನೋ ಆ ಕಡೆ ಯಾರ ಕೈಯನ್ನೋ ಹಿಡಿದ ಹಾಗಿದೆ...”

“ಏನೋ ಒಂದು. ಬಿಡಿ ಅತ್ತಿಗೆ.”

“ಇರೇ!” ಅತ್ತಿಗೆ ಮೌಸ್ ಎಳೆದುಕೊಂಡು ಚಿತ್ರವನ್ನು ಒತ್ತಿಯೇಬಿಟ್ಟಳು.

ಫೋಟೋ ಪರದೆಯ ತುಂಬ ಅಗಲವಾಗಿ ತೆರೆದುಕೊಂಡಿತು.

ಎಡಗಡೆ, ಮದುಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು ನಾಚಿ ನಿಂತಿದ್ದ ಮದುಮಗ. ಅವನೇ ಬೇರೆ! ಬಲತುದಿಯಲ್ಲಿ, ಒಂದು ಕಾಲು ಫೋಟೋದಿಂದಾಚೆಗೆ ಇಟ್ಟುಕೊಂಡು, ಕಣ್ಣು ತುಂಬಿಕೊಂಡು ನಗುತ್ತಿದ್ದ ಹಿರಿಯರು. ಎರಡನೆಯದನ್ನು ಒತ್ತಿದರೆ ಅದೇ ಮದುಮಗ. ಮೂರನೆಯದರಲ್ಲೂ ಅವನೇ.

“ನೋಡಿದ್ಯಾ?” ಎಂದಳು ಅತ್ತಿಗೆ. “ಗಂಡು ಬೇರೆ ಇದ್ದಾನೆ. ನಿನ್ನವನು ಸುಮ್ಮನೆ ಪಕ್ಕದಲ್ಲಿ ನಿಂತಿದ್ದಾನೆ ಅಷ್ಟೆ. ಒಂದು ಸಲ ಒತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

ಅವಳು ಎದ್ದವಳೇ ಚಪ್ಪಲಿ ಹುಡುಕಿದಳು.

“ಚಹಾ ಕುಡಿದು ಹೋಗೇ!”

“ಬಂದು ಕುಡೀತೀನಿ ಅತ್ತಿಗೆ!”

“ಜೊತೆಗೆ ಕರ್ಕೊಂಡು ಬಾ, ಬಿಸಿ ಮಾಡಿ ಕೊಡ್ತೀನಿ!”

*

ಅವನಪ್ಪನ ಸ್ಟುಡಿಯೋದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಿರಿಯರು ದೀಪದ ಕಂಬಗಳಿಗೆ ಬಟ್ಟೆ ಹೊದಿಸುತ್ತಿದ್ದರು. ಎದುರಿಗೆ ಕಂಡದ್ದು ಇವತ್ತೇ ಮೊದಲಾದರೂ, ಆ ಮೊಣಕೈ ಅವಳಿಗೆ ತಕ್ಷಣ ಗುರುತು ಸಿಕ್ಕಿತು.

“ಸರ್... ನಾನು ಗ್ರಂಥಾಲಯದಿಂದ...”

“ಓ! ನನ್ನ ಹೆಸರಲ್ಲಿ ಕಮಾಂಡ್ ಮಾಡಿದ ಹುಡುಗಿ!” ಅವರ ಮುಖ ಅರಳಿ, ಮತ್ತೆ ಮಂಕಾಯಿತು. “ಸ್ವಲ್ಪ ತಡವಾಗಿ ಬಂದೆಯಮ್ಮ. ಅವನು ಹೊರಟಿದ್ದಾನೆ. ಪ್ರವಾಸಿಗರ ಹಡಗಿನಲ್ಲಿ ಫೋಟೋ ತೆಗೆಯೋ ಕೆಲಸ. ಇವತ್ತು ಹೂಂ ಅಂದ್ರೆ ಮುಗೀತು, ವರ್ಷವಿಡೀ ನೀರಿನ ಮೇಲೆ. ಇಷ್ಟು ದಿನ ಬೇಡ ಅಂತಿದ್ದವನು ಈಗ ಹಟ ಹಿಡಿದಿದ್ದಾನೆ. ಯಾರೋ ಬರಬೇಡ ಅಂದ್ರಂತೆ, ಇಲ್ಲಿ ತನಗೇನೂ ಇಲ್ವಂತೆ.”

“ಆ ಮದುವೆ... ಮದುಮಗಳು ಯಾರು ಸರ್?”

“ನನ್ನ ದೊಡ್ಡ ಸೊಸೆ.” ಹಿರಿಯರು ಬಟ್ಟೆಯನ್ನು ಕೈಯಲ್ಲೇ ಮಡಿಸುತ್ತಾ ಕುಳಿತರು. “ದೊಡ್ಡ ಮಗ ತೀರಿಹೋದ, ನಮ್ಮನ್ನೆಲ್ಲ ಬಿಟ್ಟು ಹೋಗಿಬಿಟ್ಟ. ಅವಳು ಮಾತ್ರ ನನ್ನನ್ನ ಬಿಟ್ಟು ಹೋಗಲಿಲ್ಲ. ಎಷ್ಟು ಬೇಡ ಅಂದ್ರೂ ಕೇಳ್ದೆ, ನಾನೇ ಗಂಡು ನೋಡಿ, ನಾನೇ ಮುಂದೆ ನಿಂತು ಮಾಡಿಸಿದೆ. ಸೊಸೆಯಾಗಿ ಬಂದವಳನ್ನ ಮಗಳ ಹಾಗೆ ಕಳಿಸಿಕೊಟ್ಟೆ. ತಮ್ಮನ ಜಾಗದಲ್ಲಿ ನಿಂತು ಕೈ ಹಿಡಿದು ಕರ್ಕೊಂಡು ಬಂದವನು ಇವನೇ.”

ಅವಳಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಂಥ ದೊಡ್ಡ ದಿನದ ಚಿತ್ರವನ್ನು ತಾನು ಎಷ್ಟು ಸಣ್ಣದಾಗಿ ನೋಡಿದ್ದೆ!

“ಮೇಲೆ ಇದ್ದಾನೆ,” ಎಂದರು ಹಿರಿಯರು ಮೃದುವಾಗಿ. “ಹೋಗು.”

ಮೇಲಿನ ಕೋಣೆಯಲ್ಲಿ ಅವನು ಬೆನ್ನು ತಿರುಗಿಸಿ ಲೆನ್ಸುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದವನು ಅವಳನ್ನು ಕಂಡು ಹಾಗೇ ನಿಂತ.

“ನೀವಾ...?”

“ನಾನು... ಫೋಟೋ ಒತ್ತಿ ನೋಡಲಿಲ್ಲ,” ಎಂದಳು ಒಂದೇ ಉಸಿರಿಗೆ. “ಚೌಕದಲ್ಲಿ ನೀವಿಬ್ಬರೇ ಇದ್ರಿ. ನಿಮ್ಮ ಮದುವೆಯೇ ಆಗಿಹೋಯ್ತು ಅಂದ್ಕೊಂಡೆ.”

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಗಟ್ಟಿಯಾಯಿತು.

“ನಮ್ಮತ್ತಿಗೆ ಅವರು! ಅಮ್ಮನ ಹಾಗೆ ನನ್ನ ನೋಡ್ಕೊಂಡವರು! ಒಂದು ಮಾತು ಕೇಳಬಹುದಿತ್ತಲ್ವಾ? ಎದುರಿಗೇ ಬಂದು ನಿಂತಿದ್ದೆನಲ್ಲ!”

“ಕೇಳಬೇಕಿತ್ತು.”

“ನಾನು ನಿಮಗೆ ಅಷ್ಟೂ ಗೊತ್ತಾಗಿರಲಿಲ್ವಾ? ಇನ್ನೊಬ್ಬರನ್ನ ಮದುವೆಯಾಗೋನು ದಿನಾ ಬಂದು ನಿಮ್ಮ ಪಕ್ಕ ಕೂರ್ತಾನಾ?”

ಅವಳು ತಲೆ ತಗ್ಗಿಸಿದಳು. ಕಣ್ಣೀರು ಟಪಟಪನೆ ನೆಲಕ್ಕೆ ಬಿತ್ತು. “ತಪ್ಪಾಯ್ತು. ನನ್ನ ಹೊಟ್ಟೆಕಿಚ್ಚು ಅದು, ಇನ್ನೇನಲ್ಲ. ನಿಮ್ಮ ಅತ್ತಿಗೆ ಹತ್ರಾನೂ ಹೋಗಿ ಕ್ಷಮೆ ಕೇಳ್ತೀನಿ. ಹೊಟ್ಟೆಗೆ ಹಾಕ್ಕೊಳ್ಳಿ...”

ಅವನು ಕೈಯಲ್ಲಿದ್ದ ಲೆನ್ಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ಹೊಟ್ಟೆಕಿಚ್ಚಾ?” ಅವನ ದನಿ ಬದಲಾಗಿತ್ತು. “ಯಾಕೆ ಹೊಟ್ಟೆಕಿಚ್ಚು?”

“ಗೊತ್ತಿದ್ದೂ ಕೇಳ್ಬೇಡಿ.”

“ನಾನು ಆ ಕಪ್ಪು ಪರದೆ ಇದ್ದ ಹಾಗೆ. ಹೇಳದೇ ಇದ್ದಿದ್ದನ್ನ ಊಹಿಸಲ್ಲ.”

ಸಾಲುಗಟ್ಟಲೆ ಕಮಾಂಡ್ ಬರೆಯುವವಳಿಗೆ ಆ ಎರಡು ಪದ ಬೆಟ್ಟದಷ್ಟಾಯಿತು. ಆದರೂ ಈ ಸಲ ಕಣ್ಣು ತಪ್ಪಿಸಲಿಲ್ಲ.

“ನೀವು ಬೇಕು,” ಎಂದಳು. “ನನಗೆ ನೀವು ಬೇಕು. ವರ್ಷವಿಡೀ ಕಾಯಿ ಅಂದ್ರೆ ಕಾಯ್ತೀನಿ. ಆದ್ರೆ... ಹೋಗಬೇಡಿ.”

ಅವನ ಕಣ್ಣು ತುಂಬಿದವು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ಹಿರಿಯರ ಕೂಗು!

“ಲೋ! ಹಡಗಿನವರು ಫೋನ್ ಮಾಡಿದ್ದಾರೆ ಕಣೋ! ಏನು ಹೇಳಲಿ?”

ಅವನು ಕದಲಲಿಲ್ಲ. ಅವಳನ್ನೇ ನೋಡುತ್ತಾ ಹೇಳಿದ, “ನೀವೇ ಹೇಳಿ.”

“ನಾನಾ...?”

“ನೀವೇ.”

ಅವಳು ಮೆಟ್ಟಿಲ ಬಳಿ ಹೋದಳು. ಜೀವನದಲ್ಲಿ ಒಮ್ಮೆಯೂ ದನಿ ಎತ್ತದವಳು ಎದೆ ತುಂಬ ಉಸಿರೆಳೆದುಕೊಂಡು ಬೀದಿಗೆ ಕೇಳುವಂತೆ ಕೂಗಿದಳು.

“ಬರಲ್ಲ ಅಂತ ಹೇಳಿ, ಮಾವ!”

ಕೆಳಗೆ ನಗು ತಡೆದುಕೊಂಡ ಗಂಟಲಲ್ಲಿ ಹಿರಿಯರು ಫೋನಿಗೆ ಹೇಳುತ್ತಿದ್ದುದು ಕೇಳಿಸಿತು. “ಅವನು ಬರೋ ಹಾಗಿಲ್ಲ ಸ್ವಾಮಿ. ಸೊಸೆ ಬಿಡಲ್ಲ ಅಂತಾಳೆ.”

ತಾನು ಏನೆಂದು ಕರೆದೆ ಎಂದು ಆಗ ಹೊಳೆಯಿತು ನೋಡಿ! ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವನು ಹತ್ತಿರ ಬಂದು ಆ ಕೈಗಳನ್ನು ಮೆಲ್ಲಗೆ ಬಿಡಿಸಿದ.

“ನಮ್ಮಪ್ಪನಿಗೆ ಏನಂದ್ರಿ ಈಗ?”

“ಕೇಳಿಸ್ತಲ್ಲ...”

“ನಾನು ಒಂದು ಮಾತು ಹೇಳೋಕೆ ಇಷ್ಟು ದಿನ ಒದ್ದಾಡಿದೆ. ನೀನು ಒಂದೇ ಕೂಗಿಗೆ ಮದುವೆನೇ ಮುಗಿಸಿಬಿಟ್ಟೆಯಲ್ಲೇ!”

ನೀನು... ಆ ಒಂದು ಪದಕ್ಕೆ ಅವಳ ಮೈಯೆಲ್ಲ ಬೆಚ್ಚಗಾಯಿತು.

“ಏನಂದ್ರಿ? ಇನ್ನೊಂದ್ಸಲ ಹೇಳಿ.”

“ನೀನು,” ಎಂದ ಅವನು ಅವಳ ಹಣೆಗೆ ಹಣೆ ತಾಗಿಸಿ. “ನೀನು, ನೀನು, ನೀನು. ಮತ್ತೆ ನನ್ನನ್ನ ಮಾತ್ರ ಇನ್ನೂ ನೀವು ಅಂತಲೇ ಕರೀತೀಯಾ?”

“ಅಭ್ಯಾಸ ಆಗಬೇಕಲ್ಲ...”

“ಎಷ್ಟು ದಿನ ಬೇಕು ಅಭ್ಯಾಸಕ್ಕೆ?”

ಅವಳು ಅವನ ಎದೆಗೆ ಒರಗಿ ಕಣ್ಣು ಮುಚ್ಚಿದಳು.

“ನೀನು ಇಲ್ಲೇ ಇದ್ರೆ... ಬೇಗ ಆಗುತ್ತೆ.”